ಲಿಂಗಸಾಮಿಯಣ್ಣ ಬರಿದು ಮಾಡದ ಸೀಸೆ

ಲಿಂಗಸಾಮಿಯಣ್ಣ ನನ್ನ ಜೊತೆ ಮೊದಲ ಸಲ ಮಾತಾಡಿದಾಗ ನಾನು ಫೋನಿನಲ್ಲಿ ಅಮ್ಮನ ಮೇಲೆ ರೇಗಿ ಮುಗಿಸಿದ್ದೆ ಅಷ್ಟೇ. ಅದು 2004ರ ಜೂನ್. ಸಿಂಗಾನಲ್ಲೂರಿನ ಆಚೆ ಇದ್ದ ಒಂದು ಖಾಸಗಿ ಕಾಲೇಜಿಗೆ ಸಂಶೋಧನೆ ಮಾಡಲೆಂದು ದಾವಣಗೆರೆಯಿಂದ ಬಂದು ವಾರವಾಗಿತ್ತು. ಹಾಸ್ಟೆಲಿನ ಅನ್ನ, ಅರ್ಥವಾಗದ ತಮಿಳು, ಸೆಕೆ, ಮಿಲ್ಲಿನ ಸೈರನ್ನು, ಇಷ್ಟರ ಸಿಟ್ಟನ್ನೂ ಅಮ್ಮನ ತಲೆಗೆ ಕಟ್ಟಿ ಫೋನಿಟ್ಟೆ. ಕಾರಿಡಾರಿನಲ್ಲಿ ಗಾಜಿನ ಸೀಸೆಗಳನ್ನು ಒರೆಸುತ್ತಿದ್ದ ತೆಳ್ಳನೆಯ ಮನುಷ್ಯನೊಬ್ಬ ಅಷ್ಟೂ ಹೊತ್ತು ಕಾದಿದ್ದು, ಆಮೇಲೆ ಕೇಳಿದ:

"ಅಮ್ಮಣಿ, ನೀವು ಕನ್ನಡದೋರಾ? ನಮ್ಮ ಮನೇಲೂ ಇದೇ ಪೇಸೋದು."

ಪೇಸೋದು ಅಂದರೆ ಮಾತಾಡೋದು, ಅಮ್ಮಣಿ ಅಂದರೆ ಆ ಕಡೆ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಕರೆಯುವ ಮಾತು. ಅದು ತಿಳಿಯದೆ ಅದಕ್ಕೂ ಮುಖ ಗಂಟಿಕ್ಕಿದೆ. "ನೀವು ಕನ್ನಡದವರಾದರೆ ಒಳಗೆ ನನ್ನ ಮೇಜಿನ ಮೇಲಿರೋ ಹೆಸರು ಓದಿ ನೋಡೋಣ" ಅಂದೆ. ಮೇಜಿನ ಮೇಲೆ ಕನ್ನಡದಲ್ಲಿ ಸೃಷ್ಟಿ ಎಂದು ಬರೆದು ಅಂಟಿಸಿಕೊಂಡಿದ್ದೆ, ಊರಿನ ಹಟಕ್ಕೆ.

"ಓದಾಕೆ ಬರೋದಿಲ್ಲ ಅಮ್ಮಣಿ. ಪೇಸಾಕೆ ಮಾತ್ರ ಬತ್ತದೆ" ಎಂದು ನಕ್ಕರು. ನಾಚಿಕೆ ಪಟ್ಟುಕೊಂಡವಳು ನಾನೇ.

ಅವರು ನಮ್ಮ ಲ್ಯಾಬಿನ ಅಟೆಂಡರ್. ನಲವತ್ತೆಂಟು ವರ್ಷ. ಅವಿನಾಶಿಯ ಹತ್ತಿರದ ನೇಕಾರರ ಕೇರಿಯವರು. ಅವರ ಮನೆಯವರು ಎಷ್ಟು ತಲೆಮಾರಿನ ಹಿಂದೆ ಕರ್ನಾಟಕದಿಂದ ಬಂದರೆಂಬುದು ಅವರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕೆಂದು ಅವರಿಗೆ ಅನ್ನಿಸಿಯೂ ಇರಲಿಲ್ಲ. ಹನ್ನೊಂದನೆಯ ವಯಸ್ಸಿಗೆ ಅಪ್ಪನ ಕೈಮಗ್ಗದ ಗುಂಡಿಗೆ ಕಾಲಿಟ್ಟವರು ಇಪ್ಪತ್ತೈದು ವರ್ಷ ಸೀರೆ ನೇಯ್ದರು. ಸುತ್ತ ಎಲ್ಲ ಪವರ್‌ಲೂಮಿನ ಗದ್ದಲವಾದ ಮೇಲೆ ಕೈಮಗ್ಗದ ಸೀರೆಯನ್ನು ಕೇಳುವವರಿಲ್ಲವಾಗಿ, ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದರು. ಅಲ್ಲಿ ಬಟ್ಟೆಯಲ್ಲಿ ತೂತು ಹುಡುಕುವ ಕೆಲಸ. ವಿದೇಶದ ಆರ್ಡರ್ ನಿಂತಾಗ ಒಂದು ಸಲ ಹೊರಗೆ ಹಾಕಿದರು. ಮತ್ತೊಂದು ಕಂಪನಿಗೆ ಸೇರಿದರು, ಅಲ್ಲೂ ಒಂದು ದಿನ ಬೆಳಿಗ್ಗೆ ಹೋದರೆ ಗೇಟಿನಲ್ಲಿ ಹೆಸರಿರಲಿಲ್ಲ. "ಮೂರನೇ ಸಲ ಗೇಟಿನಿಂದ ವಾಪಸು ಬರಾಕೆ ನನ್ ಕೈಲಾಗಲ್ಲ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು, ಬೀಕರನ್ನು ಬೆಳಕಿಗೆ ಹಿಡಿದು ಕಲೆ ನೋಡುತ್ತ.

ಕಾಲೇಜಿನಲ್ಲಿ ಅವರು ನಾಲ್ಕು ವರ್ಷದಿಂದ ಟೆಂಪರರಿ. ಐವತ್ತು ತುಂಬಿದವರನ್ನು ಖಾಯಂ ಮಾಡುವ ಪದ್ಧತಿ ಆ ಟ್ರಸ್ಟಿನಲ್ಲಿ ಇರಲಿಲ್ಲ. 2005ರ ಮಾರ್ಚಿಗೆ ಒಂದೇ ಒಂದು ಖಾಯಂ ಜಾಗ ಇತ್ತು. ಅದು ತಪ್ಪಿದರೆ ಟೆಂಪರರಿಯವರನ್ನೂ ಕಳಿಸುತ್ತಾರೆಂದು ಆಫೀಸಿನವರೇ ಹೇಳಿದ್ದರು. ಸಹಿ ಹಾಕಬೇಕಾದವರು ನಮ್ಮ ಪ್ರೊಫೆಸರ್ ವಸಂತಕುಮಾರ್. ಅವರಿಗೆ ಲಿಂಗಸಾಮಿಯಣ್ಣನ ಮೇಲೆ ಒಳ್ಳೆಯ ಅಭಿಪ್ರಾಯವಿತ್ತು. ಹಾಗಾಗಿ ಆ ಆರ್ಡರ್ ಬಂದಂತೆಯೇ ಎಂದು ಎಲ್ಲರೂ ಅಂದುಕೊಂಡಿದ್ದೆವು.

ನಾನು ಮಾಡುತ್ತಿದ್ದ ಕೆಲಸ ಏನೆಂದು ಊರಿನಲ್ಲಿ ಯಾರಿಗಾದರೂ ಹೇಳಿದರೆ ಕಿವಿಯಲ್ಲಿ ಹೂವಿಡುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು. ನೀರಿನ ಒಂದು ಹನಿಯಲ್ಲಿ ಕಂಪ್ಯೂಟರ್ ಮಾಡುವುದು! ಆಗಷ್ಟೇ ಬೇರೆ ದೇಶಗಳ ಕೆಲವು ಲ್ಯಾಬುಗಳಲ್ಲಿ ಅದು ಸಾಧ್ಯವಾಗಿತ್ತು, ನಮ್ಮಲ್ಲೂ ಮಾಡಿ ತೋರಿಸಬೇಕೆಂಬ ಹುಚ್ಚು ವಸಂತಕುಮಾರ್ ಸಾರ್‌ಗೆ. ಲಿಂಗಸಾಮಿಯಣ್ಣ ಮಾತ್ರ ನಗಲಿಲ್ಲ. "ಹೆಂಗೆ ಅಂತ ಹೇಳಿ" ಎಂದು ಸ್ಟೂಲ್ ಎಳೆದುಕೊಂಡು ಕೂತರು.

ಹೇಳಿದೆ. ಡಿಎನ್‌ಎ ಅನ್ನುವುದು ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಎಳೆ. ನಮಗೆ ಬೇಕಾದ ಗುರುತುಗಳನ್ನು ಸಾಲಾಗಿ ಬರೆಸಿ ಆ ಎಳೆಯನ್ನು ಮಾಡಿಸಿ ತರಿಸುತ್ತೇವೆ. ಒಂದು ಕಿಣ್ವ ಅದನ್ನು ಕತ್ತರಿಸುತ್ತದೆ. ಕತ್ತರಿಸಿದ ತುದಿಯಲ್ಲಿ ನಾಲ್ಕು ಅಕ್ಷರ ಹೊರಗೆ ಚಾಚಿಕೊಂಡಿರುತ್ತವೆ. ಆ ನಾಲ್ಕಕ್ಕೆ ಹೊಂದುವ ಪುಟ್ಟ ತುಣುಕೊಂದು ಬಂದು ಅಲ್ಲಿ ಅಂಟುತ್ತದೆ, ಮುಂದೆ ಎಲ್ಲಿ ಕತ್ತರಿಸಬೇಕೆಂದು ಕಿಣ್ವಕ್ಕೆ ಅಳತೆ ಕೊಡುತ್ತದೆ. ಹೀಗೆ ಕತ್ತರಿಸುತ್ತ ಕತ್ತರಿಸುತ್ತ ಕೊನೆಗೆ ಬಂದಾಗ ಉಳಿದ ತುಂಡಿನ ಉದ್ದ ನೋಡಿದರೆ ಉತ್ತರ ಸಿಗುತ್ತದೆ: ಒಂದು ಉದ್ದವಿದ್ದರೆ ಹೌದು, ಇನ್ನೊಂದು ಉದ್ದವಿದ್ದರೆ ಅಲ್ಲ. ಆ ಪುಟ್ಟ ತುಣುಕುಗಳೇ ನಿಯಮಗಳು. ತುಣುಕುಗಳ ಗುಂಪು ಬದಲಿಸಿದರೆ ಲೆಕ್ಕವೇ ಬದಲಾಗುತ್ತದೆ.

ಅವರು ಕೇಳಿದರು: "ಹಿಂದೆ ಎಷ್ಟು ಎಣಿಸಿದೆ ಅನ್ನೋದು ಅದಕ್ಕೆ ನೆನಪಿರಬೇಕಲ್ಲ, ಎಲ್ಲಿ ಇಟ್ಕೋತದೆ?"

ನನ್ನ ಜೊತೆ ಓದಿದವರು ಯಾರೂ ಮೊದಲ ದಿನವೇ ಈ ಪ್ರಶ್ನೆ ಕೇಳಿರಲಿಲ್ಲ. "ಕತ್ತರಿಸಿದ ತುದಿಯಲ್ಲೇ. ಅದು ಎಲ್ಲಿ ತುಂಡಾಗಿದೆ ಅನ್ನೋದೇ ಅದರ ನೆನಪು" ಅಂದೆ.

"ಸರಿ. ಇಷ್ಟೆಲ್ಲ ಮಾಡಿ ಅದು ಯಾವ ಲೆಕ್ಕ ಹೇಳ್ತದೆ?"

"ಸಾಲಿನಲ್ಲಿ ಒಂದು ಗುರುತು ಎಷ್ಟು ಸಲ ಬಂದಿದೆ, ಅದು ಸರಿಸಂಖ್ಯೆಯಾ ಅಲ್ಲವಾ ಅಂತ."

"ಅದನ್ನ ನನ್ ಮಗಳ ಮಗು ಹೇಳ್ತದೆ ಅಮ್ಮಣಿ" ಎಂದು ಎದ್ದು ಹೋದರು. ನನಗೆ ಮೈಯೆಲ್ಲ ಉರಿಯಿತು. ಒಂದು ಹನಿಯಲ್ಲಿ ಕೋಟಿ ಕೋಟಿ ಎಳೆಗಳು ಒಟ್ಟಿಗೆ ಲೆಕ್ಕ ಮಾಡುತ್ತವೆ ಎಂದು ಕಾರಿಡಾರಿನವರೆಗೆ ಕೂಗಿಕೊಂಡು ಹಿಂದೆ ಹೋದೆ. "ಸರಿಂಗ, ಸರಿಂಗ" ಎಂದು ನಗುತ್ತಲೇ ಇದ್ದರು.

ಅಟೆಂಡರ್‌ಗಳು ಸ್ಯಾಂಪಲ್ ಮುಟ್ಟಬಾರದೆಂಬುದು ವಸಂತಕುಮಾರ್ ಸಾರ್ ಹಾಕಿದ್ದ ಕಟ್ಟುನಿಟ್ಟಿನ ನಿಯಮ. ಅದನ್ನು ಮುರಿದವಳು ನಾನು. ನನ್ನದು ಅವಸರದ ಕೈ. ನಿಯಮದ ತುಣುಕುಗಳ ದ್ರಾವಣವನ್ನು ಇಪ್ಪತ್ತು ಪುಟ್ಟ ಟ್ಯೂಬುಗಳಿಗೆ ಹಂಚುವಾಗ ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ, ಒಂದು ಮೇಜಿನ ಮೇಲೆ. ಲಿಂಗಸಾಮಿಯಣ್ಣ ಒಂದು ದಿನ ನೋಡಲಾರದೆ ಪಿಪೆಟ್ ಕೇಳಿ ಇಸಕೊಂಡರು. ಇಪ್ಪತ್ತೂ ಟ್ಯೂಬುಗಳಲ್ಲಿ ಒಂದೇ ಮಟ್ಟ, ಗುಳ್ಳೆಯಿಲ್ಲ, ಚೆಲ್ಲಿಲ್ಲ. ಅಂದಿನಿಂದ ನಾನು ಸಂಜೆ ದ್ರಾವಣ ಮಾಡಿ ಫ್ರೀಜರಿನಲ್ಲಿ ಇಟ್ಟು ಹೋಗುವುದು, ಅವರು ಬೆಳಿಗ್ಗೆ ಬೇಗ ಬಂದು ಅದನ್ನು ಕೆಂಪು ಮುಚ್ಚಳದ ಒಂದು ಸೀಸೆಗೆ ಸುರಿದುಕೊಂಡು ಅಲ್ಲಿಂದ ಹಂಚುವುದು ಎಂದಾಯಿತು. ಸಾರ್ ಹತ್ತು ಗಂಟೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಸೆಪ್ಟೆಂಬರಿನಲ್ಲಿ ಮೊದಲ ಲೆಕ್ಕ ಸರಿಯಾಗಿ ಬಂತು. ತುಂಡುಗಳ ಉದ್ದ ತೋರಿಸುವ ಜೆಲ್‌ನ ಮೇಲೆ ಒಂದೇ ಒಂದು ಪಟ್ಟಿ, ಹೌದು ಎಂಬ ಜಾಗದಲ್ಲಿ, ಹೊಳೆಯುತ್ತ. ಸಾರ್ ಇಡೀ ಲ್ಯಾಬಿಗೆ ಅನ್ನಪೂರ್ಣ ಮೆಸ್ಸಿನಿಂದ ಬೋಂಡ ತರಿಸಿದರು. ನವೆಂಬರಿನಲ್ಲಿ ಎರಡನೇ ಲೆಕ್ಕಕ್ಕೆ ಕೈ ಹಾಕಿದೆವು: ಆ ಗುರುತು ಸಾಲಿನಲ್ಲಿ ಒಮ್ಮೆಯಾದರೂ ಇದೆಯೇ? ಬೇರೆ ತುಣುಕುಗಳು, ಬೇರೆ ನಿಯಮ. ಉತ್ತರ ಬಂತು, ಎರಡು ಪಟ್ಟಿಗಳಲ್ಲಿ. ಹೌದು ಎಂಬಲ್ಲಿ ದಪ್ಪಗೆ ಒಂದು, ಅಲ್ಲ ಎಂಬಲ್ಲಿ ತೆಳುವಾಗಿ ಒಂದು.

ಮತ್ತೆ ಮಾಡಿದೆ. ಮತ್ತೆ ಎರಡು. ಯಂತ್ರ ಸರಿಯಿದೆಯೋ ಎಂದು ನೋಡಲು ನಡುವೆ ಹಳೆಯ ಮೊದಲ ಲೆಕ್ಕವನ್ನೇ ಹಾಕಿದೆ. ಬೋಂಡ ತಿನ್ನಿಸಿದ್ದ ಆ ಲೆಕ್ಕವೂ ಈಗ ಎರಡು ಪಟ್ಟಿ ತೋರಿಸಿತು. ಅಲ್ಲಿಗೆ ನನಗೂ ಸಾರ್‌ಗೂ ಒಂದು ವಿಷಯ ಖಚಿತವಾಯಿತು: ಎರಡು ಲೆಕ್ಕಗಳಿಗೂ ಸಮಾನವಾಗಿರುವುದು ಕಿಣ್ವ ಒಂದೇ, ಆದ್ದರಿಂದ ಕಿಣ್ವ ಕೆಟ್ಟಿದೆ. ಕೆಟ್ಟ ಕಿಣ್ವ ಕಂಡಕಂಡಲ್ಲಿ ಕತ್ತರಿಸುವುದುಂಟು. ಎರಡಕ್ಕೂ ಸಮಾನವಾಗಿದ್ದ ಇನ್ನೊಂದು ವಸ್ತು, ಆ ಕೆಂಪು ಮುಚ್ಚಳದ ಸೀಸೆ, ಸಾರ್‌ಗೆ ಗೊತ್ತೇ ಇರಲಿಲ್ಲ, ನನ್ನ ತಲೆಗೆ ಹೊಳೆಯಲೇ ಇಲ್ಲ. ಇಷ್ಟು ಓದಿದ್ದು ಏತಕ್ಕೆ ಬಂತೋ!

ಕಿಣ್ವವನ್ನು ಐಸ್ ಡಬ್ಬಿಯಲ್ಲಿ ಏಜೆನ್ಸಿಯಿಂದ ನಮಗೆ ತಂದುಕೊಡುತ್ತಿದ್ದವನು ಕರುಪ್ಪುಸಾಮಿ. ನಲವತ್ತರ ಆಸುಪಾಸಿನವನು, ಟಿವಿಎಸ್ ಫಿಫ್ಟಿಯಲ್ಲಿ ಡಬ್ಬಿಯನ್ನು ಕಾಲ ನಡುವೆ ಇಟ್ಟುಕೊಂಡು ಬರುತ್ತಿದ್ದ. ಸಿಂಗಾನಲ್ಲೂರು ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಮುಂದೆ ಅವನ ಗಾಡಿ, ಅದರ ಮೇಲೆ ನಮ್ಮ ಡಬ್ಬಿ ಬಿಸಿಲಿನಲ್ಲಿ ನಿಂತಿದ್ದನ್ನು ಸಾರ್ ಒಮ್ಮೆ ಕಣ್ಣಾರೆ ಕಂಡಿದ್ದರು. ಜನವರಿಯಲ್ಲಿ ಏಜೆನ್ಸಿಗೆ ಖಾರವಾದ ಕಾಗದ ಬರೆದರು. ಏಜೆನ್ಸಿಯವರು ಕ್ಷಮೆ ಕೇಳಿ ಹೊಸ ಕಿಣ್ವ ಕಳಿಸಿದರು, ಕರುಪ್ಪುಸಾಮಿಯನ್ನು ಕೆಲಸದಿಂದ ತೆಗೆದರು. ಹೊಸ ಕಿಣ್ವ ಹಾಕಿದ ಮೇಲೂ ಎರಡೇ ಪಟ್ಟಿ. ಅದಕ್ಕೂ ದಾರಿಯಲ್ಲಿ ಬಿಸಿ ತಗಲಿದೆ ಎಂದುಕೊಂಡೆವು. ಒಮ್ಮೆ ಒಬ್ಬನ ಮೇಲೆ ತಪ್ಪು ಹೊರಿಸಿದ ಮೇಲೆ ಅದನ್ನು ಇಳಿಸಲು ಮನಸ್ಸು ಬರುವುದಿಲ್ಲ.

ಫೆಬ್ರವರಿ ಕೊನೆಯ ಭಾನುವಾರ ಲಿಂಗಸಾಮಿಯಣ್ಣ ನನ್ನನ್ನು ಊಟಕ್ಕೆ ಕರೆದರು. ಬಾಡಿದ ನನ್ನ ಮುಖ ನೋಡಿ ತಮ್ಮ ಹೆಂಡತಿ ಸೆಲ್ಲಮ್ಮನಿಗೆ ಹೇಳಿದ್ದರಂತೆ. ಅವಿನಾಶಿಗೆ ಬಸ್ಸು, ಅಲ್ಲಿಂದ ಷೇರ್ ಆಟೋ. ಮನೆಯ ಪಕ್ಕದ ಪವರ್‌ಲೂಮ್ ಶೆಡ್ಡಿನಲ್ಲಿ ಓಡದೆ ನಿಂತಿದ್ದ ಮಗ್ಗವೊಂದರ ಹಿಂದೆ ಸೆಲ್ಲಮ್ಮ ಕೂತು ಕೆಲಸ ಮಾಡುತ್ತಿದ್ದರು, ಎಳೆ ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಂಡು. ನೇಯ್ದು ಮುಗಿದ ಬಟ್ಟೆಯನ್ನು ಕತ್ತರಿಸಿ ತೆಗೆದಾಗಿತ್ತು, ಆದರೆ ಮಗ್ಗದಲ್ಲಿ ಗೇಣುದ್ದ ಹಳೆಯ ಎಳೆಗಳು ಹಾಗೇ ಇದ್ದವು. ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಒಂದೊಂದು ಎಳೆಗೆ ಹೊಸೆದು ಜೋಡಿಸುತ್ತಿದ್ದರು. ಮೂರು ಸಾವಿರ ಎಳೆ, ಒಂದೂ ತಪ್ಪುವಂತಿಲ್ಲ.

"ಹಳೇದನ್ನ ಪೂರ್ತಿ ತೆಗೆದು ಹೊಸದಾಗಿ ಕಟ್ಟಬಾರದಾ?" ಎಂದೆ.

"ಅಯ್ಯೋ, ಪೂರಾ ತೆಗೆದ್ರೆ ಹೊಸ ಪಾವನ್ನ ಯಾವುದಕ್ಕೆ ಕಟ್ಟೋದು ಅಮ್ಮಣಿ?" ಎಂದರು ಸೆಲ್ಲಮ್ಮ. ಪಾವು ಅಂದರೆ ಹಾಸು, ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳು. "ಬೋಳು ಮಗ್ಗ ನೋಡಬಾರದು. ನಮ್ಮತ್ತೆ ಇದ್ದಾಗ ಅಕ್ಕಿ ಡಬ್ಬ ಕೂಡ ಬರಿದು ಮಾಡ್ತಿರಲಿಲ್ಲ. ಅಡಿಯಲ್ಲಿ ಒಂದು ಹಿಡಿ ಇರ್ಲೇಬೇಕು, ಅದರ ಮೇಲೇ ಹೊಸದು."

ಊಟಕ್ಕೆ ಕೂತಾಗ ಸೆಲ್ಲಮ್ಮ ನನ್ನ ಕಷ್ಟ ಕೇಳಿದರು, ಹೇಳಿದೆ. "ಯಂತ್ರ ಒಂದೇ ಬಾಯಲ್ಲಿ ಹೌದು ಅನ್ನುತ್ತೆ, ಅಲ್ಲ ಅನ್ನುತ್ತೆ. ಎರಡು ನಿಯಮಗಳನ್ನ ಒಟ್ಟಿಗೆ ಹಾಕಿದ ಹಾಗೆ."

ಲಿಂಗಸಾಮಿಯಣ್ಣ ತಲೆಯೆತ್ತಿದರು. "ಹಳೇ ರೂಲ್ಸು ಕೊಂಚ ಉಳಿದು ಹೊಸದರ ಜೊತೆ ಸೇರಿದ್ರೆ ಹಂಗೆ ಆಗ್ತದಾ?"

"ಆಗುತ್ತೆ. ಆದರೆ ಉಳಿಯೋದು ಹೇಗೆ? ನೀವೇ ಎಲ್ಲ ತೊಳೀತೀರಲ್ಲ" ಎಂದು ನಾನು ಇನ್ನೊಂದು ಸಲ ರಸ ಹಾಕಿಸಿಕೊಂಡೆ. ಅವರು ಆಮೇಲೆ ತಟ್ಟೆಯ ಅನ್ನ ಮುಟ್ಟಲಿಲ್ಲ. ಮಜ್ಜಿಗೆ ಬೇಡವೆಂದು ಎದ್ದರು. ಅದು ಯಾಕೆಂದು ನನಗೆ ತಿಳಿದದ್ದು ಮಾರನೆಯ ದಿನ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೋದರೆ ಲ್ಯಾಬಿನ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಕೆಂಪು ಮುಚ್ಚಳದ ಸೀಸೆ.

"ಇದೊಂದನ್ನ ನಾನು ತೊಳೆದೇ ಇಲ್ಲ ಅಮ್ಮಣಿ. ಒಂದು ದಿನಾನೂ ಬರಿದು ಮಾಡಿಲ್ಲ. ಅಡಿಯಲ್ಲಿ ಕೊಂಚ ಬಿಟ್ಟು, ಅದರ ಮೇಲೇ ಹೊಸದು ಹಾಕ್ತಿದ್ದೆ. ಕೈಗೆ ಹಂಗೇ ಪಳಗಿದೆ."

ಮೂರು ತಿಂಗಳು! ಬಾಯಿಗೆ ಬಂದಂತೆ ಅಂದೆ. ಓದಿಲ್ಲದವರ ಕೈಗೆ ಕೊಟ್ಟದ್ದೇ ನನ್ನ ತಪ್ಪು ಎಂದೂ ಅಂದೆ. ಅವರು ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡರು.

ಸಿಟ್ಟು ಇಳಿಯುತ್ತಲೇ ಭಯ ಹತ್ತಿತು. ಸ್ಯಾಂಪಲನ್ನು ಅಟೆಂಡರ್ ಕೈಗೆ ಕೊಟ್ಟವಳು ನಾನು. ಮುಂದಿನ ತಿಂಗಳು ನನ್ನ ಫೆಲೋಶಿಪ್ಪಿನ ಪರಿಶೀಲನೆ. ಅವರ ಖಾಯಂ ಆರ್ಡರ್ ಈ ವಾರವೇ ಹೊರಡಬೇಕು. ದನಿ ತಗ್ಗಿಸಿ ಹೇಳಿದೆ: "ಯಾರಿಗೂ ಹೇಳೋದು ಬೇಡ ಅಣ್ಣ. ಹೊಸ ಸೀಸೆ ತಗೊಳ್ಳೋಣ. ನಾಳೆ ಒಂದೇ ಪಟ್ಟಿ ಬರುತ್ತೆ. ಕಿಣ್ವ ಸರಿಹೋಯ್ತು ಅಂದುಕೊಳ್ಳಲಿ. ನಿಮ್ಮದೂ ಉಳಿಯುತ್ತೆ, ನನ್ನದೂ."

"ಕರುಪ್ಪುಸಾಮಿ?"

ಅವನ ಹೆಸರು ನನ್ನ ಮನಸ್ಸಿಗೆ ಬಂದೇ ಇರಲಿಲ್ಲ.

"ಅವನು ಟೀ ಕುಡಿದದ್ದು ನಿಜ ಅಮ್ಮಣಿ. ಎಂಜೈಮ್ ಕೆಡಿಸಲಿಲ್ಲವಲ್ಲ. ಅವನನ್ನ ಗೇಟಿನಿಂದ ವಾಪಸು ಕಳಿಸಿದ್ದು ನಾನು."

"ನಿಮ್ಮನ್ನೂ ಕಳಿಸ್ತಾರೆ. ಆಗ?"

ಹತ್ತು ಗಂಟೆಗೆ ಸಾರ್ ಬಂದರು. ಲಿಂಗಸಾಮಿಯಣ್ಣ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಒಳಗೆ ಹೋದರು. ಹಿಂದೆಯೇ ನಾನೂ ಹೋದೆ, ಯಾಕೆಂದು ನನಗೇ ತಿಳಿಯದು. ಅವರು ಸೀಸೆಯನ್ನು ಮೇಜಿನ ಮೇಲಿಟ್ಟು ತಮಿಳಿನಲ್ಲಿ ಎಲ್ಲವನ್ನೂ ಹೇಳಿದರು. ಕರುಪ್ಪುಸಾಮಿಯದು ತಪ್ಪಿಲ್ಲ ಎಂದರು. ಸಾರ್ ನಂಬಲಾರದೆ ಕೇಳಿದರು: "ನಿಯಮ ಗೊತ್ತಿದ್ದೂ ಸ್ಯಾಂಪಲ್ ಯಾಕೆ ಮುಟ್ಟಿದೆ? ಯಾರು ಕೊಟ್ಟರು?"

"ಯಾರೂ ಕೊಡಲಿಲ್ಲ ಸಾರ್. ಬೆಳಿಗ್ಗೆ ಬೇಗ ಬಂದು ನಾನೇ ಮಾಡ್ತಿದ್ದೆ. ಅಮ್ಮಣಿಗೆ ಗೊತ್ತಿಲ್ಲ."

ಸಾರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಒಂದೇ ಒಂದು ಮಾತು ಸಾಕಿತ್ತು, ನನ್ನ ಬಾಯಿಗೆ ಬೀಗ ಬಿದ್ದಿತ್ತು. "ನೀನು ಹೋಗು, ನಾಳೆಯಿಂದ ಬರಬೇಡ" ಎಂದು ಸಾರ್ ಲಿಂಗಸಾಮಿಯಣ್ಣನಿಗೆ ಹೇಳಿದರು. ಅವರು ಕೈಮುಗಿದು ಹೊರಗೆ ಹೋದರು. ಸಾರ್ ನನ್ನೊಡನೆ ಮುಂದಿನ ಪ್ರಯೋಗದ ವಿಷಯ ಮಾತಾಡಿದರು, ನಾನು ಅದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟೆ. ಹೊರಗೆ ಬಂದಾಗ ಕಾರಿಡಾರಿನಲ್ಲಿ ಯಾರೂ ಇರಲಿಲ್ಲ.

ಮಂಗಳವಾರ ಮಧ್ಯಾಹ್ನ ಹೊಸ ಸೀಸೆಯ ಜೆಲ್ ನೋಡಿದೆ. ಒಂದೇ ಪಟ್ಟಿ. ಯಂತ್ರಕ್ಕೆ ಇನ್ನು ಅನುಮಾನವಿರಲಿಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ. ಅಷ್ಟರಲ್ಲಿ ಐಸ್ ಡಬ್ಬಿ ಹಿಡಿದು ಒಬ್ಬ ಬಾಗಿಲಿಗೆ ಬಂದ. ಹೊಸಬ. ಸಹಿ ಹಾಕಿಸಿಕೊಳ್ಳುತ್ತ, "ಮೇಡಂ, ನಾನು ದಾರಿಯಲ್ಲಿ ಎಲ್ಲೂ ನಿಲ್ಲಿಸಿಲ್ಲ" ಎಂದು ತಾನಾಗಿಯೇ ಹೇಳಿದ. ನನಗೆ ತಡೆಯಲಾಗಲಿಲ್ಲ.

ಸಾರ್ ಕೋಣೆಗೆ ಹೋಗಿ, ಏಜೆನ್ಸಿಗೆ ಕಾಗದ ಬರೆಯಬೇಕಲ್ಲವೇ ಎಂದು ಕೇಳಿದೆ. "ಹೌದು, ಟೈಪ್ ಮಾಡಿ ತಾ" ಎಂದರು. ಕರುಪ್ಪುಸಾಮಿಯಿಂದ ತಪ್ಪಾಗಿಲ್ಲ, ತಪ್ಪು ನಮ್ಮ ಲ್ಯಾಬಿನದು ಎಂದು ಬರೆದೆ. ಕಾರಣ ಬರೆಯಬೇಕಾದ ಸಾಲಿನಲ್ಲಿ, ಅಟೆಂಡರಿಗೆ ಸ್ಯಾಂಪಲ್ ಕೊಟ್ಟವಳು ನಾನು, ಸೀಸೆಯನ್ನು ಒಮ್ಮೆಯೂ ಪರೀಕ್ಷಿಸದವಳೂ ನಾನು ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ.

ಸಾರ್ ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಇದನ್ನ ನಿನ್ನೆ ಹೇಳಬಾರದಿತ್ತಾ? ನೀನು ಕೊಟ್ಟೆ ಅಂದಿದ್ದರೆ ಲಿಂಗಸಾಮಿಯನ್ನ ಯಾಕೆ ಕಳಿಸ್ತಿದ್ದೆ? ಹೇಳಿದ್ದನ್ನ ಮಾಡಿದ ಅಂತ ಬಿಡ್ತಿದ್ದೆ. ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಆ ಜಾಗಕ್ಕೆ ಬೇರೆಯವನ ಹೆಸರು ಬರೆದು ಕೊಟ್ಟೆ. ಆರ್ಡರ್ ಹೊರಟಾಯ್ತು."

ನಾನು ಅತ್ತೆ, ಬೇಡಿಕೊಂಡೆ. ಅವರೂ ಟ್ರಸ್ಟಿನ ಆಫೀಸಿಗೆ ಎರಡು ಸಲ ಹೋಗಿ ಬಂದರು. ಬರೆದದ್ದನ್ನು ಬದಲಿಸಲು ಅಲ್ಲಿ ಯಾರೂ ಒಪ್ಪಲಿಲ್ಲ. ನನ್ನ ಪರಿಶೀಲನೆಯನ್ನು ಆರು ತಿಂಗಳು ಮುಂದೆ ಹಾಕಿದರು, ಅಷ್ಟೇ ನನಗಾದ ಶಿಕ್ಷೆ.

ಆ ಭಾನುವಾರ ಅವಿನಾಶಿಗೆ ಹೋದೆ. ಶೆಡ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಮಗ್ಗದ ಹಿಂದೆ ಅಕ್ಕಪಕ್ಕ ಕೂತು ಎಳೆ ಹೊಸೆಯುತ್ತಿದ್ದರು. ಲಿಂಗಸಾಮಿಯಣ್ಣ ಬೂದಿಯ ಬೆರಳಲ್ಲೇ ಕೈಮುಗಿದು, ಮೊದಲು ಕೇಳಿದ್ದು ಕರುಪ್ಪುಸಾಮಿಯ ಸುದ್ದಿ. ಅವನನ್ನು ವಾಪಸು ಸೇರಿಸಿಕೊಂಡರು ಎಂದೆ. "ಅದು ಆಯ್ತಲ್ಲ" ಎಂದು ಸೆಲ್ಲಮ್ಮನ ಕಡೆ ತಿರುಗಿ ನಕ್ಕರು. ಸೆಲ್ಲಮ್ಮ ನಗಲಿಲ್ಲ, ನನಗೆ ಕೂರಲು ಮಣೆ ಕೊಟ್ಟು ನೀರು ತರಲು ಒಳಗೆ ಹೋದರು.

ಆಮೇಲೆ ಉಳಿದದ್ದನ್ನು ಹೇಳಿದೆ. ಒಂದು ದಿನ ತಡವಾಯಿತು ಎಂದೆ. ಸೋಮವಾರವೇ ಬಾಯಿ ಬಿಟ್ಟಿದ್ದರೆ ಆ ಜಾಗ ನಿಮ್ಮದೇ ಆಗಿರುತ್ತಿತ್ತು, ಸಾರ್ ಅವರ ಬಾಯಿಂದಲೇ ಕೇಳಿದೆ ಎಂದೆ. ಮುಖ ಎತ್ತಿ ನೋಡಲು ನನಗೆ ಧೈರ್ಯವಿರಲಿಲ್ಲ.

ಅವರು ಕೈಯಲ್ಲಿದ್ದ ಎಳೆಯನ್ನು ಹೊಸೆದು ಮುಗಿಸಿ, ಮುಂದಿನ ಎಳೆಯನ್ನು ಹುಡುಕಿಕೊಂಡರು.

"ಗೊತ್ತು ಅಮ್ಮಣಿ. ಅವತ್ತು ನೀವು ಹೇಳ್ತೀರಿ ಅಂತ ಸಾರ್ ಬಾಗಿಲ ಹೊರಗೆ ಕೊಂಚ ಹೊತ್ತು ನಿಂತಿದ್ದೆ" ಎಂದರು.